ಒಂದೇ ಕಂಪ್ಯೂಟರ್ ಕಂಪನಿಯ ಬಗ್ಗೆ ಇಷ್ಟು ವಿರುದ್ಧವಾದ ಅಭಿಪ್ರಾಯಗಳು: ಯಾವುದನ್ನು ಎಷ್ಟು ನಂಬಬೇಕು?

ಪ್ರಶ್ನೆ: ಯಂತ್ರಪಾಲಕ

ನಾನು ಒಂದು ಸಣ್ಣ ಸಂಸ್ಥೆಯ ಕಂಪ್ಯೂಟರುಗಳನ್ನು ನೋಡಿಕೊಳ್ಳುತ್ತೇನೆ. ನಮ್ಮಲ್ಲಿರುವ ಲ್ಯಾಪ್‌ಟಾಪ್‌ಗಳೆಲ್ಲ ಒಂದೇ ಕಂಪನಿಯವು. ಆ ಕಂಪನಿಯ ಹೆಸರನ್ನು ಇಲ್ಲಿ ಬರೆಯುವುದಿಲ್ಲ, ಏಕೆಂದರೆ ನನ್ನ ಪ್ರಶ್ನೆ ಆ ಒಂದು ಹೆಸರಿಗೆ ಸೀಮಿತವಾದದ್ದಲ್ಲ. ಈಗ ಹಳೆಯ ಯಂತ್ರಗಳಲ್ಲಿ ಹಲವನ್ನು ಬದಲಾಯಿಸಬೇಕಾಗಿದೆ. ಅದೇ ಕಂಪನಿಯಲ್ಲಿ ಮುಂದುವರಿಯಬೇಕೇ, ಬೇರೆಯದಕ್ಕೆ ಹೋಗಬೇಕೇ ಎಂದು ತೀರ್ಮಾನಿಸಲು ಗ್ರಾಹಕರ ಅಭಿಪ್ರಾಯಗಳನ್ನು ಓದುತ್ತಾ ಹೋದಷ್ಟೂ ಗೊಂದಲ ಹೆಚ್ಚುತ್ತಿದೆ. ಹತ್ತು ವರ್ಷದಿಂದ ಇದೇ ಕಂಪನಿಯ ಯಂತ್ರ ಬಳಸುತ್ತಿದ್ದೇನೆ, ಒಂದು ದಿನವೂ ಕೈಕೊಟ್ಟಿಲ್ಲ ಎನ್ನುವವರೂ ಇದ್ದಾರೆ. ಇವರ ಯಂತ್ರವನ್ನು ಇನ್ನೆಂದೂ ಮುಟ್ಟುವುದಿಲ್ಲ ಎನ್ನುವವರೂ ಅಷ್ಟೇ ಸಂಖ್ಯೆಯಲ್ಲಿದ್ದಾರೆ. ಎರಡೂ ಕಡೆಯವರು ಪ್ರಾಮಾಣಿಕವಾಗಿಯೇ ಬರೆದಂತೆ ಕಾಣುತ್ತದೆ.

ನಮ್ಮ ಅನುಭವದಲ್ಲಿ ತೊಂದರೆ ಮೂರು ಕಡೆ ಇದೆ. ಮೊದಲನೆಯದು, ವಾರಂಟಿ ಮುಗಿದ ಸ್ವಲ್ಪ ಕಾಲಕ್ಕೇ ಹಲವು ಯಂತ್ರಗಳ ಹಿಂಜ್ (ಪರದೆಯನ್ನು ಕೆಳಭಾಗಕ್ಕೆ ಜೋಡಿಸುವ ತಿರುಗಣಿ) ಬಿಗಿಯಾಗಿ, ಪರದೆಯ ಹಿಂಬದಿಯ ಪ್ಲಾಸ್ಟಿಕ್ ಮೂಲೆಯಲ್ಲಿ ಬಿರುಕು ಬಿಟ್ಟಿತು. ಎರಡನೆಯದು, ಸಹಾಯವಾಣಿಗೆ ಕರೆ ಮಾಡಿದಾಗಲೆಲ್ಲ, ತೊಂದರೆ ಯಂತ್ರಾಂಶದ್ದು ಎಂದು ಎಷ್ಟು ಸ್ಪಷ್ಟವಾಗಿ ವಿವರಿಸಿದರೂ, ಮೊದಲು ವಿಂಡೋಸ್ ಅನ್ನು ಮತ್ತೆ ಹೊಸದಾಗಿ ಹಾಕಿ ಎಂಬ ಉತ್ತರವೇ ಬರುತ್ತದೆ. ಮೂರನೆಯದು ತಂತ್ರಾಂಶ. ಹೊಸ ಯಂತ್ರ ತೆರೆದ ಕೂಡಲೇ ನಾವು ಕೇಳದ ಹತ್ತಾರು ತಂತ್ರಾಂಶಗಳು ಅದರಲ್ಲಿರುತ್ತವೆ. ಅವುಗಳಲ್ಲಿ ಯಾವುದನ್ನು ತೆಗೆದರೆ ಏನು ಕೆಡುತ್ತದೆ ಎಂಬುದನ್ನು ಕಂಪನಿ ಎಲ್ಲಿಯೂ ಹೇಳಿಲ್ಲ.

ಹೀಗಿರುವಾಗ, ಯಾವ ದೂರು ಕಂಪನಿಯ ಸ್ವಭಾವವನ್ನು ತೋರಿಸುತ್ತದೆ, ಯಾವುದು ಕೇವಲ ಒಂದು ಮಾದರಿಯ ದೋಷ ಎಂಬುದನ್ನು ಬೇರ್ಪಡಿಸುವುದು ಹೇಗೆ? ಈ ಕ್ಷೇತ್ರದಲ್ಲಿ ಕೆಲಸ ಮಾಡಿದವರು ದಯವಿಟ್ಟು ತಿಳಿಸಿ.

ಉತ್ತರ: ಬೆಸುಗೆ

ಯಂತ್ರಪಾಲಕರೇ, ನಾನು ಲ್ಯಾಪ್‌ಟಾಪ್ ದುರಸ್ತಿಯ ಕೆಲಸ ಮಾಡುವವನು. ನೀವು ಓದಿದ ಎರಡೂ ಬಗೆಯ ಅಭಿಪ್ರಾಯಗಳು ನಿಜವಾಗಿರುವ ಸಾಧ್ಯತೆಯೇ ಹೆಚ್ಚು, ಏಕೆಂದರೆ ಅವರು ಮಾತನಾಡುತ್ತಿರುವುದು ಒಂದೇ ಹೆಸರಿನಡಿ ಮಾರಾಟವಾಗುವ ಎರಡು ಬೇರೆ ಬೇರೆ ಯಂತ್ರಗಳ ಬಗ್ಗೆ. ದೊಡ್ಡ ಕಂಪನಿಗಳೆಲ್ಲ ಕಚೇರಿಗಳಿಗೆ ಒಂದು ಸಾಲು, ಮನೆಬಳಕೆಗೆ ಇನ್ನೊಂದು ಸಾಲು ಎಂದು ಇಟ್ಟುಕೊಂಡೇ ಬಂದಿವೆ. ಲೆನೊವೊದಲ್ಲಿ ಥಿಂಕ್‌ಪ್ಯಾಡ್ ಮತ್ತು ಐಡಿಯಾಪ್ಯಾಡ್, ಎಚ್‌ಪಿಯಲ್ಲಿ ಬಹುಕಾಲ ಎಲೀಟ್‌ಬುಕ್ ಮತ್ತು ಪೆವಿಲಿಯನ್, ಡೆಲ್‌ನಲ್ಲೂ ಬಹುಕಾಲ ಲ್ಯಾಟಿಟ್ಯೂಡ್ ಮತ್ತು ಇನ್‌ಸ್ಪಿರಾನ್. ಇವುಗಳ ಒಳಗನ್ನು ಬಿಚ್ಚಿ ನೋಡಿದರೆ, ಇವೆರಡನ್ನೂ ಮಾಡಿದವರು ಒಂದೇ ಕಂಪನಿಯವರು ಎಂದು ನಂಬುವುದೇ ಕಷ್ಟವಾಗುತ್ತದೆ. ಆದ್ದರಿಂದ ಮಾದರಿಯ ಪೂರ್ಣ ಹೆಸರು ಬರೆಯದೆ ಕಂಪನಿಯ ಹೆಸರನ್ನಷ್ಟೇ ಬರೆದು ಹೊಗಳಿದ ಅಥವಾ ತೆಗಳಿದ ಅಭಿಪ್ರಾಯಗಳನ್ನು ಬದಿಗಿಟ್ಟುಬಿಡಿ.

ನಿಮ್ಮ ಹಿಂಜ್ ವಿಚಾರಕ್ಕೆ ಬರುತ್ತೇನೆ. ಅಗ್ಗದ ಮಾದರಿಗಳಲ್ಲಿ ಪರದೆಯ ಹಿಂಬದಿಯ ಮುಚ್ಚಳ ಪೂರ್ತಿ ಪ್ಲಾಸ್ಟಿಕ್ ಆಗಿರುತ್ತದೆ. ಆ ಪ್ಲಾಸ್ಟಿಕ್‌ನಲ್ಲೇ ಎಬ್ಬಿಸಿದ ಸಣ್ಣ ಕಂಬಗಳೊಳಗೆ ಹಿತ್ತಾಳೆಯ ನಟ್ಟುಗಳನ್ನು ಕೂರಿಸಿ, ಉಕ್ಕಿನ ಹಿಂಜನ್ನು ಅದಕ್ಕೆ ತಿರುಪಿನಿಂದ ಬಿಗಿದಿರುತ್ತಾರೆ. ಹೊಸದರಲ್ಲಿ ಹಿಂಜ್ ಸಲೀಸಾಗಿ ತಿರುಗುತ್ತದೆ. ಕಾಲ ಕಳೆದಂತೆ ಅದರ ಜಿಡ್ಡು ಒಣಗಿ ಹಿಂಜ್ ಗಡುಸಾದಾಗ, ಪರದೆಯನ್ನು ಎತ್ತುವ ಪ್ರತಿಸಲವೂ ಕೈಯ ಬಲವೆಲ್ಲ ಆ ಸಣ್ಣ ಕಂಬಗಳ ಮೇಲೆ ಬೀಳುತ್ತದೆ. ಕೊನೆಗೊಂದು ದಿನ ಕಂಬ ಸೀಳಿ, ನಟ್ಟು ತಿರುಪಿಗೆ ಅಂಟಿಕೊಂಡೇ ಕಿತ್ತು ಬರುತ್ತದೆ. ಮುಚ್ಚಳದ ಮೂಲೆ ಬಾಯಿ ಬಿಡುವುದು ಆಗಲೇ. ಹಾಗೆಯೇ ಬಳಸುತ್ತಾ ಹೋದರೆ ಪರದೆಗೆ ಹೋಗುವ ಕೇಬಲ್ ಅಲ್ಲಿ ಸಿಕ್ಕಿಕೊಂಡು ತುಂಡಾಗುತ್ತದೆ. ಸೇವಾ ಕೇಂದ್ರದಲ್ಲಿ ಇದನ್ನು ಗ್ರಾಹಕರು ಮಾಡಿದ ಹಾನಿ ಎಂದು ಬರೆದುಕೊಳ್ಳುವುದನ್ನು ನಾನು ಅನೇಕ ಸಲ ನೋಡಿದ್ದೇನೆ. ಅದು ಅನ್ಯಾಯ. ಬಳಸಿದ ವ್ಯಕ್ತಿ ಪರದೆಯನ್ನು ತೆರೆದು ಮುಚ್ಚಿದ್ದು ಬಿಟ್ಟರೆ ಬೇರೇನೂ ಮಾಡಿರುವುದಿಲ್ಲ. ಕಚೇರಿ ಸಾಲಿನ ಒಳ್ಳೆಯ ಮಾದರಿಗಳಲ್ಲಿ ಹಿಂಜನ್ನು ಲೋಹದ ಚೌಕಟ್ಟಿಗೆ ಬಿಗಿದಿರುವುದರಿಂದ ಈ ದೂರು ಬಹಳ ಕಡಿಮೆ.

ಇನ್ನೊಂದು ಮಾತು. ದೋಷ ಬರುವುದರಿಂದಲೇ ಕಂಪನಿ ಕೆಟ್ಟದ್ದು ಎಂದು ತೀರ್ಮಾನಿಸಲಾಗದು, ಏಕೆಂದರೆ ಒಳಗಿನ ಭಾಗಗಳನ್ನು ಮಾಡುವವರು ಬೇರೆಯವರು. 2006ರ ಆಗಸ್ಟ್‌ನಲ್ಲಿ ಡೆಲ್ 41 ಲಕ್ಷ ಬ್ಯಾಟರಿಗಳನ್ನು ಹಿಂದಕ್ಕೆ ಕರೆಸಿಕೊಂಡಿತು. ಅದೇ ತಿಂಗಳು ಆಪಲ್ ಸುಮಾರು 18 ಲಕ್ಷ ಬ್ಯಾಟರಿಗಳನ್ನು ಕರೆಸಿಕೊಂಡಿತು. ಎರಡರಲ್ಲೂ ಇದ್ದದ್ದು ಸೋನಿ ತಯಾರಿಸಿದ ಸೆಲ್‌ಗಳು. ತಯಾರಿಕೆಯಲ್ಲಿ ಒಳಸೇರಿದ ಲೋಹದ ಸೂಕ್ಷ್ಮ ಕಣಗಳಿಂದ ಒಳಗೇ ಶಾರ್ಟ್ ಆಗುವ ಅಪಾಯ ಅವುಗಳಲ್ಲಿತ್ತು. ಅದಕ್ಕೂ ಮುಂಚೆ, 2003ರ ಆಸುಪಾಸಿನ ಡೆಲ್‌ನ ಆಪ್ಟಿಪ್ಲೆಕ್ಸ್ ಡೆಸ್ಕ್‌ಟಾಪ್‌ಗಳಲ್ಲಿ ಮದರ್‌ಬೋರ್ಡಿನ ಕೆಪಾಸಿಟರುಗಳು ಉಬ್ಬಿ ಸೋರತೊಡಗಿದ್ದವು. 2005ರಲ್ಲಿ ಡೆಲ್ ಅದರ ಸಲುವಾಗಿ 30 ಕೋಟಿ ಡಾಲರ್ ಖರ್ಚನ್ನು ತನ್ನ ಲೆಕ್ಕದಲ್ಲಿ ತೋರಿಸಬೇಕಾಯಿತು. ಈ ಎರಡನೆಯ ಪ್ರಕರಣ ಮುಂದೆ ನ್ಯಾಯಾಲಯಕ್ಕೂ ಹೋಯಿತು, ಗ್ರಾಹಕರಿಗೆ ಸಮಯಕ್ಕೆ ಸರಿಯಾಗಿ ಸತ್ಯ ಹೇಳಲಿಲ್ಲ ಎಂಬ ಆರೋಪದ ಮೇಲೆ. ನನ್ನ ಮಟ್ಟಿಗೆ ಕಂಪನಿಯನ್ನು ಅಳೆಯುವ ಜಾಗ ಇದೇ. ದೋಷ ಗೊತ್ತಾದ ಮೇಲೆ ಬಾಯಿಬಿಟ್ಟು ಹೇಳಿದರೇ, ಬಿಡಿಭಾಗ ಕೊಟ್ಟರೇ, ಅಥವಾ ದೂರು ತಂದವರನ್ನೇ ತಪ್ಪಿತಸ್ಥರನ್ನಾಗಿ ಮಾಡಿದರೇ ಎಂಬುದನ್ನು ನೋಡಬೇಕು.

ಉತ್ತರ: ಮಾಜಿ ಸಹಾಯಕ

ನಾನು ಕೆಲವು ವರ್ಷ ಒಂದು ಕಂಪ್ಯೂಟರ್ ತಯಾರಕರ ಪರವಾಗಿ ಗ್ರಾಹಕರ ಕರೆಗಳಿಗೆ ಉತ್ತರಿಸುತ್ತಿದ್ದೆ. ತಯಾರಕರ ಪರವಾಗಿ ಎಂದು ಬರೆಯಲು ಕಾರಣವಿದೆ: ನನಗೆ ಸಂಬಳ ಕೊಡುತ್ತಿದ್ದದ್ದು ಆ ತಯಾರಕರಲ್ಲ, ಕರೆಗಳನ್ನು ಗುತ್ತಿಗೆಗೆ ಪಡೆದಿದ್ದ ಇನ್ನೊಂದು ಸಂಸ್ಥೆ. ಕರೆ ಎತ್ತಿದವರ ಮುಂದೆ ಪರದೆಯ ಮೇಲೆ ಒಂದು ಸಿದ್ಧ ಕ್ರಮವಿರುತ್ತದೆ. ಅದರಲ್ಲಿ ಒಂದೊಂದು ಹೆಜ್ಜೆಯನ್ನೂ ಮುಗಿಸಿದೆ ಎಂದು ಗುರುತು ಹಾಕದೆ ಮುಂದಿನ ಹೆಜ್ಜೆ ತೆರೆಯುವುದಿಲ್ಲ. ಬಿಡಿಭಾಗ ಕಳುಹಿಸಬೇಕೆಂದರೆ ಅದಕ್ಕೆ ಕಾರಣ ತೋರಿಸಬೇಕು, ಮತ್ತು ತಿಂಗಳ ಕೊನೆಯಲ್ಲಿ ಯಾರು ಎಷ್ಟು ಬಿಡಿಭಾಗ ಕಳುಹಿಸಿದರು, ಒಂದೊಂದು ಕರೆಗೆ ಎಷ್ಟು ಹೊತ್ತು ತೆಗೆದುಕೊಂಡರು ಎಂಬ ಲೆಕ್ಕ ಮೇಲಿನವರ ಮುಂದೆ ಹೋಗುತ್ತದೆ. ವಿಂಡೋಸ್ ಮತ್ತೆ ಹಾಕಿ ಎಂದು ಹೇಳಿಸುವುದು ಈ ವ್ಯವಸ್ಥೆ. ಅದರಿಂದ ಕಂಪನಿಗೆ ಖರ್ಚಿಲ್ಲ. ಗ್ರಾಹಕರು ಬೇಸತ್ತು ಮತ್ತೆ ಕರೆ ಮಾಡದಿದ್ದರೆ ದೂರು ಬಗೆಹರಿದಂತೆಯೇ ದಾಖಲಾಗುತ್ತದೆ. ಅತ್ತ ಕಡೆ ಮಾತನಾಡುವ ವ್ಯಕ್ತಿಯ ಮೇಲೆ ರೇಗುವವರಿಗೆ ನನ್ನ ವಿನಂತಿ ಇಷ್ಟೇ: ಆ ನಿರ್ಧಾರ ಅವರದಲ್ಲ.

ಆದರೆ ಆ ಕ್ರಮದಲ್ಲೇ ಒಂದು ಬಾಗಿಲಿದೆ. ಬಹುತೇಕ ಯಂತ್ರಗಳಲ್ಲಿ ವಿಂಡೋಸ್ ಶುರುವಾಗುವ ಮೊದಲೇ ಓಡುವ ತಪಾಸಣೆಯ ವ್ಯವಸ್ಥೆಯನ್ನು ತಯಾರಕರೇ ಇಟ್ಟಿರುತ್ತಾರೆ. ಡೆಲ್ ಯಂತ್ರಗಳಲ್ಲಿ ಶುರುವಾಗುವಾಗ ಎಫ್12 ಒತ್ತಿದರೆ ಬರುವ ಪಟ್ಟಿಯಲ್ಲಿ ಅದು ಸಿಗುತ್ತದೆ, ಎಚ್‌ಪಿಯಲ್ಲಿ ಎಫ್2 ಒತ್ತಬೇಕು. ಮೆಮೊರಿ, ಡಿಸ್ಕ್, ಬ್ಯಾಟರಿ, ಫ್ಯಾನ್ ಇವುಗಳಲ್ಲಿ ಯಾವುದಾದರೂ ತಪಾಸಣೆಯಲ್ಲಿ ಸೋತರೆ ಪರದೆಯ ಮೇಲೆ ಒಂದು ದೋಷಸಂಖ್ಯೆ ಬರುತ್ತದೆ. ಅದರ ಚಿತ್ರ ತೆಗೆದುಕೊಂಡು, ಕರೆಯ ಮೊದಲ ವಾಕ್ಯದಲ್ಲೇ ಆ ಸಂಖ್ಯೆಯನ್ನು ಹೇಳಿ. ವಿಂಡೋಸ್ ಇನ್ನೂ ಶುರುವಾಗಿಯೇ ಇಲ್ಲದ ಹೊತ್ತಿನಲ್ಲಿ ಬಂದ ದೋಷವಾದ್ದರಿಂದ, ವಿಂಡೋಸ್ ಮತ್ತೆ ಹಾಕಿ ಎನ್ನುವ ಹೆಜ್ಜೆಗೆ ಅರ್ಥವೇ ಉಳಿಯುವುದಿಲ್ಲ. ನಾನಿದ್ದ ಕಡೆ ಆ ಸಂಖ್ಯೆ ದಾಖಲಾದ ಕೂಡಲೇ ನೇರವಾಗಿ ಬಿಡಿಭಾಗದ ಹಂತ ತೆರೆಯುತ್ತಿತ್ತು. ಸಾಧ್ಯವಾದಲ್ಲೆಲ್ಲ ಫೋನಿಗಿಂತ ಬರಹದಲ್ಲೇ ದೂರು ಕೊಡಿ. ಹೇಳಿದ್ದನ್ನೇ ಪ್ರತಿಸಲ ಹೊಸಬರಿಗೆ ಮೊದಲಿನಿಂದ ಹೇಳುವ ಕಷ್ಟ ತಪ್ಪುತ್ತದೆ.

ಸೇವೆಯ ಬಗ್ಗೆ ಗ್ರಾಹಕರ ಮಾತಿಗೆ ಬೆಲೆ ಇಲ್ಲವೆಂದು ಕೈಚೆಲ್ಲುವವರಿಗೆ ಒಂದು ಹಳೆಯ ಉದಾಹರಣೆ ಕೊಡಬೇಕೆನಿಸುತ್ತದೆ. 2005ರಲ್ಲಿ ಜೆಫ್ ಜಾರ್ವಿಸ್ ಎಂಬ ಅಮೆರಿಕದ ಪತ್ರಕರ್ತರು ಮನೆಗೇ ಬಂದು ರಿಪೇರಿ ಮಾಡುವ ಸೇವೆಗೂ ಹಣ ಕೊಟ್ಟು ಡೆಲ್ ಲ್ಯಾಪ್‌ಟಾಪ್ ಕೊಂಡಿದ್ದರು. ಅದು ಕೆಟ್ಟಾಗ, ಮನೆಗೆ ಬರುವವರ ಬಳಿ ಬಿಡಿಭಾಗ ಇರುವುದಿಲ್ಲ, ಯಂತ್ರವನ್ನೇ ಕಳುಹಿಸಿ ಎಂಬ ಉತ್ತರ ಬಂತು. ಅವರು ಅದನ್ನು ತಮ್ಮ ಬ್ಲಾಗಿನಲ್ಲಿ ಬರೆದರು, ಅಂಥದ್ದೇ ಅನುಭವವಿದ್ದ ಅಸಂಖ್ಯ ಜನ ದನಿಗೂಡಿಸಿದರು, ದೊಡ್ಡ ಪತ್ರಿಕೆಗಳೂ ಅದನ್ನು ಎತ್ತಿಕೊಂಡವು. ಮರುವರ್ಷ ಡೆಲ್ ಗ್ರಾಹಕರೊಂದಿಗೆ ಮಾತನಾಡಲೆಂದೇ ತನ್ನದೇ ಬ್ಲಾಗ್ ಶುರುಮಾಡಿತು, 2007ರ ಫೆಬ್ರವರಿಯಲ್ಲಿ ಗ್ರಾಹಕರು ಸಲಹೆ ಕೊಟ್ಟು ಮತ ಹಾಕುವ ಐಡಿಯಾಸ್ಟಾರ್ಮ್ ಎಂಬ ತಾಣವನ್ನೂ ತೆರೆಯಿತು. ಒಬ್ಬರ ದೂರು ಕರೆಕೇಂದ್ರದ ದಾಖಲೆಯಲ್ಲಿ ಸತ್ತುಹೋಗುತ್ತದೆ. ಅದನ್ನೇ ಎಲ್ಲರೂ ಓದುವ ಕಡೆ, ಮಾದರಿ ಮತ್ತು ಘಟನೆಯ ವಿವರದ ಸಮೇತ ಬರೆದರೆ ಕಂಪನಿ ಉತ್ತರ ಕೊಡಬೇಕಾಗುತ್ತದೆ.

ಉತ್ತರ: ಮುಕ್ತದಾರಿ

ಮೇಲಿನವರು ಐಡಿಯಾಸ್ಟಾರ್ಮ್ ಹೆಸರೆತ್ತಿದ್ದರಿಂದ ಅಲ್ಲಿಂದಲೇ ಶುರುಮಾಡುತ್ತೇನೆ, ಏಕೆಂದರೆ ತಂತ್ರಾಂಶದ ಆಯ್ಕೆಯ ವಿಷಯದಲ್ಲಿ ಗ್ರಾಹಕರ ಮಾತು ನೇರವಾಗಿ ಫಲ ಕೊಟ್ಟ ಅಪರೂಪದ ಪ್ರಸಂಗ ಅದು. ತಾಣ ತೆರೆದ ಕೆಲವೇ ದಿನಗಳಲ್ಲಿ ಅಲ್ಲಿ ಮೇಲಕ್ಕೆ ಬಂದ ಬೇಡಿಕೆ, ವಿಂಡೋಸ್ ಬದಲು ಲಿನಕ್ಸ್ ಎಂಬ ಮುಕ್ತ ಆಪರೇಟಿಂಗ್ ಸಿಸ್ಟಮ್ ಹಾಕಿರುವ ಯಂತ್ರ ಮಾರಿ ಎಂಬುದು. ಅದೇ ವರ್ಷ ಜನವರಿಯಲ್ಲಿ ವಿಂಡೋಸ್ ವಿಸ್ಟಾ ಮಾರುಕಟ್ಟೆಗೆ ಬಂದಿತ್ತು. ಅದಕ್ಕೂ ಹಿಂದಿನ ವಿಂಡೋಸ್ ಎಕ್ಸ್‌ಪಿಯನ್ನೇ ಕೊಡಿ ಎಂದು ಕೇಳಿದವರೂ ಬಹಳ ಮಂದಿ. ಏಪ್ರಿಲ್‌ನಲ್ಲಿ ಡೆಲ್ ಕೆಲವು ಮನೆಬಳಕೆಯ ಮಾದರಿಗಳಲ್ಲಿ ಎಕ್ಸ್‌ಪಿಯ ಆಯ್ಕೆಯನ್ನು ಮರಳಿ ತಂದಿತು, ಮೇ ತಿಂಗಳಲ್ಲಿ ಲಿನಕ್ಸ್‌ನ ಒಂದು ಬಗೆಯಾದ ಉಬುಂಟು 7.04 ಹಾಕಿದ ಮೂರು ಮಾದರಿಗಳನ್ನು ಅಮೆರಿಕದಲ್ಲಿ ಮಾರಾಟಕ್ಕಿಟ್ಟಿತು. 2012ರಲ್ಲಿ ತಂತ್ರಾಂಶ ಬರೆಯುವವರಿಗೆಂದೇ ಡೆಲ್‌ನ ಎಕ್ಸ್‌ಪಿಎಸ್ 13 ಲ್ಯಾಪ್‌ಟಾಪಿನ ಉಬುಂಟು ಆವೃತ್ತಿ ಬಂತು. 2020ರಲ್ಲಿ ಲೆನೊವೊ ಕೂಡ ಫೆಡೋರಾ ಎಂಬ ಇನ್ನೊಂದು ಬಗೆಯ ಲಿನಕ್ಸ್ ಹಾಕಿದ ಥಿಂಕ್‌ಪ್ಯಾಡ್ ಮಾರತೊಡಗಿತು. ಕೇಳುವವರು ಕೇಳುತ್ತಲೇ ಇದ್ದದ್ದರಿಂದ ಆದದ್ದು ಇದು.

ಈಗ ಕೇಳದೆ ಬರುವ ತಂತ್ರಾಂಶದ ವಿಚಾರ. ಯಂತ್ರಪಾಲಕರು ಇದನ್ನು ಮೂರನೆಯ ತೊಂದರೆ ಎಂದಿದ್ದಾರೆ. ನನ್ನ ಪ್ರಕಾರ ಇದು ಮೊದಲನೆಯದು. 2014ರ ಕೊನೆಯ ತಿಂಗಳುಗಳಲ್ಲಿ ಲೆನೊವೊ ತನ್ನ ಮನೆಬಳಕೆಯ ಅನೇಕ ಲ್ಯಾಪ್‌ಟಾಪ್‌ಗಳಲ್ಲಿ ಸೂಪರ್‌ಫಿಶ್ ಎಂಬ ಜಾಹೀರಾತು ತಂತ್ರಾಂಶ ಹಾಕಿ ಕಳುಹಿಸಿತು. ಬಳಸುವವರು ನೋಡುವ ಪುಟಗಳಲ್ಲಿ ಜಾಹೀರಾತು ತೂರಿಸುವುದು ಅದರ ಕೆಲಸ. ಬ್ಯಾಂಕಿನಂಥ ಸುರಕ್ಷಿತ ತಾಣಗಳ ಪುಟಗಳು ಗೂಢಲಿಪಿಯಲ್ಲಿ ಬರುತ್ತವಾದ್ದರಿಂದ ಅಲ್ಲಿಗೂ ಕೈಹಾಕಲು ಅದು ಯಂತ್ರದಲ್ಲಿ ತನ್ನದೇ ಒಂದು ಮೂಲ ಪ್ರಮಾಣಪತ್ರವನ್ನು (ಯಾವ ತಾಣ ಅಸಲಿ ಎಂದು ಬ್ರೌಸರ್ ನಂಬುವ ಆಧಾರ) ಸೇರಿಸಿ, ಆ ತಾಣಗಳ ಪ್ರಮಾಣಪತ್ರದ ಬದಲು ತಾನು ತಯಾರಿಸಿದ್ದನ್ನು ಬ್ರೌಸರಿಗೆ ತೋರಿಸುತ್ತಿತ್ತು. ಇದಕ್ಕಿಂತ ಘೋರವಾದ ಸಂಗತಿಯೆಂದರೆ, ಆ ಪ್ರಮಾಣಪತ್ರದ ಗುಪ್ತ ಕೀಲಿ ಎಲ್ಲ ಯಂತ್ರಗಳಲ್ಲೂ ಒಂದೇ ಆಗಿತ್ತು, ಮತ್ತು ಪ್ರತಿಯೊಂದು ಯಂತ್ರದೊಳಗೂ ಇತ್ತು. ಊರಿನ ಎಲ್ಲ ಮನೆಗಳಿಗೂ ಒಂದೇ ಬೀಗ ಹಾಕಿ, ಅದರ ಬೀಗದಕೈಯನ್ನು ಪ್ರತಿ ಮನೆಯ ಹೊಸಿಲ ಮೇಲೆ ಇಟ್ಟು ಹೋದಂತಾಯಿತು. 2015ರ ಫೆಬ್ರವರಿಯಲ್ಲಿ ವಿಷಯ ಬಯಲಾಗುತ್ತಿದ್ದಂತೆ ಭದ್ರತಾ ತಜ್ಞರೊಬ್ಬರು ಆ ಕೀಲಿಯನ್ನು ಹೊರತೆಗೆದು, ಅದಕ್ಕಿದ್ದ ಗುಪ್ತಪದವನ್ನೂ ಪ್ರಕಟಿಸಿದರು. ಆ ಕೀಲಿ ಇದ್ದವರು ಸಾರ್ವಜನಿಕ ವೈಫೈನಲ್ಲಿ ಕುಳಿತು, ಅಂಥ ಯಂತ್ರ ಬಳಸುವ ಪಕ್ಕದವರ ಬ್ಯಾಂಕ್ ವ್ಯವಹಾರವನ್ನು ಓದಬಹುದಿತ್ತು. ಕಂಪನಿ ಕ್ಷಮೆ ಕೇಳಿತು, ತೆಗೆಯುವ ಸಾಧನ ಕೊಟ್ಟಿತು, ಮುಂದೆ ಅನಗತ್ಯ ತಂತ್ರಾಂಶ ಕಡಿಮೆ ಮಾಡುತ್ತೇವೆ ಎಂದಿತು. 2017ರಲ್ಲಿ ಗ್ರಾಹಕರ ಹಿತ ಕಾಯುವ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್‌ನೊಂದಿಗೆ ಒಪ್ಪಂದವನ್ನೂ ಮಾಡಿಕೊಳ್ಳಬೇಕಾಯಿತು.

ಇದು ಇಷ್ಟು ದೊಡ್ಡ ಸುದ್ದಿಯಾದ ಅದೇ ವರ್ಷ ನವೆಂಬರಿನಲ್ಲಿ ಡೆಲ್ ಯಂತ್ರಗಳಲ್ಲಿ ಇಡೆಲ್‌ರೂಟ್ ಎಂಬ ಪ್ರಮಾಣಪತ್ರ ಪತ್ತೆಯಾಯಿತು. ಅದರ ಉದ್ದೇಶ ಜಾಹೀರಾತಲ್ಲ; ಗ್ರಾಹಕರು ಸಹಾಯ ಕೇಳಿದಾಗ ಅವರ ಯಂತ್ರ ಯಾವುದೆಂದು ಸುಲಭವಾಗಿ ಗುರುತಿಸುವುದು. ಆದರೆ ಗುಪ್ತ ಕೀಲಿಯನ್ನು ಯಂತ್ರದಲ್ಲೇ ಇಟ್ಟ ತಪ್ಪು ಮಾತ್ರ ಹಿಂದಿನದೇ. ಪ್ರಮಾಣಪತ್ರವನ್ನಷ್ಟೇ ಅಳಿಸಿದರೆ ಅದರ ಜೊತೆಗಿದ್ದ ತಂತ್ರಾಂಶ ಅದನ್ನು ಮತ್ತೆ ತಂದು ಹಾಕುತ್ತಿತ್ತು. ಒಳ್ಳೆಯ ಉದ್ದೇಶವಿದ್ದರೂ ಕೇಳದೆ ಹಾಕಿದ ತಂತ್ರಾಂಶ ಎಷ್ಟು ಅಪಾಯಕಾರಿ ಎಂಬುದಕ್ಕೆ ನನಗೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ. ನಾನಂತೂ ಯಾವ ಕಂಪನಿಯ ಯಂತ್ರ ಬಂದರೂ ಮೊದಲು ಡಿಸ್ಕನ್ನು ಪೂರ್ತಿ ಅಳಿಸಿ, ಆಪರೇಟಿಂಗ್ ಸಿಸ್ಟಮ್ಮನ್ನು ಅದರ ಮೂಲದಿಂದಲೇ ಹಾಕಿಕೊಂಡು, ಬಳಿಕ ಬೇಕಾದ ಡ್ರೈವರುಗಳನ್ನಷ್ಟೇ (ಯಂತ್ರದ ಭಾಗಗಳನ್ನು ನಡೆಸುವ ಸಣ್ಣ ತಂತ್ರಾಂಶಗಳು) ಸೇರಿಸುತ್ತೇನೆ. ನಿಮ್ಮ ಸಂಸ್ಥೆಯಲ್ಲೂ ಒಂದು ಯಂತ್ರವನ್ನು ಹೀಗೆ ಸಿದ್ಧಪಡಿಸಿ ಅದರ ಪ್ರತಿಯನ್ನು ಉಳಿದವುಗಳಿಗೆ ಹಾಕಬಹುದು. ಏನು ತೆಗೆದರೆ ಏನು ಕೆಡುತ್ತದೆ ಎಂಬ ನಿಮ್ಮ ಚಿಂತೆಗೆ ಇದಕ್ಕಿಂತ ನೇರವಾದ ಪರಿಹಾರ ನನಗೆ ತಿಳಿದಿಲ್ಲ.

ಉತ್ತರ: ಸರಳಬಳಕೆ

ಮುಕ್ತದಾರಿಯವರ ಕಾಳಜಿಯನ್ನು ಒಪ್ಪುತ್ತೇನೆ, ಆದರೆ ಎರಡು ಕಡೆ ಭಿನ್ನಾಭಿಪ್ರಾಯವಿದೆ. ಲಿನಕ್ಸ್ ಯಂತ್ರಗಳನ್ನು ಜನ ಕೇಳಿದರು, ಕಂಪನಿಗಳು ಕೊಟ್ಟವು ಎಂಬಲ್ಲಿಗೆ ಕಥೆ ಮುಗಿಯುವುದಿಲ್ಲ. 2007ರ ಕೊನೆಯಲ್ಲಿ ಏಸಸ್ ತನ್ನ ಪುಟ್ಟ ಈಪಿಸಿಯನ್ನು ಲಿನಕ್ಸ್ ಹಾಕಿ ತಂದಿತು, ಬೇರೆ ಕಂಪನಿಗಳೂ ಅದೇ ದಾರಿ ಹಿಡಿದವು. ಮರುವರ್ಷವೇ ಎಂಎಸ್‌ಐ ಕಂಪನಿಯ ಅಧಿಕಾರಿಯೊಬ್ಬರು, ಲಿನಕ್ಸ್ ಹಾಕಿದ ಇಂಥ ಪುಟ್ಟ ಲ್ಯಾಪ್‌ಟಾಪ್‌ಗಳು ವಿಂಡೋಸ್ ಹಾಕಿದವುಗಳಿಗಿಂತ ಕನಿಷ್ಠ ನಾಲ್ಕು ಪಟ್ಟು ಹೆಚ್ಚಾಗಿ ಹಿಂದಿರುಗಿ ಬರುತ್ತಿವೆ ಎಂದು ಹೇಳಿದರು. ಕೊಂಡವರು ಪೆಟ್ಟಿಗೆ ತೆರೆದಾಗ ತಮಗೆ ಪರಿಚಿತವಾದ ವ್ಯವಸ್ಥೆ ಅದರಲ್ಲಿ ಇರಲಿಲ್ಲ. ಸಲಹೆ ತಾಣದಲ್ಲಿ ಮತ ಹಾಕುವವರೂ ಅಂಗಡಿಯಲ್ಲಿ ಕೊಳ್ಳುವವರೂ ಒಂದೇ ಜನ ಅಲ್ಲ ಎಂಬುದನ್ನು ಅಭಿಪ್ರಾಯ ಓದುವಾಗ ನೆನಪಿಡಬೇಕು. ಅದೇ ಡೆಲ್‌ನ ಉಬುಂಟು ಯಂತ್ರಗಳು ಮಾರುಕಟ್ಟೆಯಲ್ಲಿ ಉಳಿದುಕೊಂಡದ್ದೇಕೆಂದರೆ, ಆ ಮಾದರಿಯ ವೈಫೈ, ಧ್ವನಿ, ಪರದೆ ಎಲ್ಲವೂ ಅದರಲ್ಲಿ ಸರಿಯಾಗಿ ನಡೆಯುತ್ತವೆಯೇ ಎಂದು ಮೊದಲೇ ಪರೀಕ್ಷಿಸಿ ಮಾರಿದ್ದರು, ಮತ್ತು ಕೊಂಡವರು ತಾವು ಏನು ಕೊಳ್ಳುತ್ತಿದ್ದೇವೆಂದು ತಿಳಿದವರಾಗಿದ್ದರು.

ಎರಡನೆಯದು, ಎಲ್ಲವನ್ನೂ ಅಳಿಸಿ ಎಂಬ ಸಲಹೆ. ತಯಾರಕರ ಅಪ್‌ಡೇಟ್ ಸಾಧನವನ್ನೂ ಅದರೊಂದಿಗೆ ತೆಗೆದುಹಾಕಿ ಮರೆತುಬಿಟ್ಟರೆ ಫರ್ಮ್‌ವೇರ್ (ಯಂತ್ರದ ಚಿಪ್ಪಿನೊಳಗೇ ಇರುವ ಮೂಲ ತಂತ್ರಾಂಶ) ಹೊಸದಾಗದೆ ಉಳಿದುಬಿಡಬಹುದು. 2021ರಲ್ಲಿ ಡೆಲ್‌ನ ಫರ್ಮ್‌ವೇರ್ ಅಪ್‌ಡೇಟ್ ಡ್ರೈವರ್ ಒಂದರಲ್ಲಿ 2009ರಿಂದಲೂ ಇದ್ದ ಗಂಭೀರ ದೋಷವನ್ನು ಸೆಂಟಿನೆಲ್‌ಒನ್ ಸಂಶೋಧಕರು ಪ್ರಕಟಿಸಿದರು. ಅಂಥ ದೋಷಕ್ಕೆ ಪರಿಹಾರ ಬರುವುದೂ ತಯಾರಕರಿಂದಲೇ. ಅಳಿಸುವವರು ಅಳಿಸಲಿ, ಆದರೆ ಫರ್ಮ್‌ವೇರ್ ಹೊಸದಾಗುವ ಒಂದು ದಾರಿಯನ್ನು ಉಳಿಸಿಕೊಳ್ಳಲಿ. ಲಿನಕ್ಸ್ ಬಳಸುವವರಿಗೆ ಎಲ್‌ವಿಎಫ್‌ಎಸ್ ಎಂಬ ವ್ಯವಸ್ಥೆ ಇದೆ. ಡೆಲ್, ಲೆನೊವೊ, ಎಚ್‌ಪಿ ತಮ್ಮ ಅನೇಕ ಮಾದರಿಗಳ ಫರ್ಮ್‌ವೇರನ್ನು ಅಲ್ಲಿಗೆ ಕೊಡುತ್ತವೆ. ಯಾವ ಮಾದರಿಗೆ ಕೊನೆಯ ಫರ್ಮ್‌ವೇರ್ ಯಾವಾಗ ಬಂತು ಎಂಬುದನ್ನು ತಯಾರಕರ ಪುಟದಲ್ಲಿ ಯಾರು ಬೇಕಾದರೂ ನೋಡಬಹುದು. ನೂರು ಅಭಿಪ್ರಾಯ ಓದುವುದಕ್ಕಿಂತ ಆ ಒಂದು ದಿನಾಂಕ ಹೆಚ್ಚು ಹೇಳುತ್ತದೆ. ನಾಲ್ಕು ವರ್ಷ ಹಳೆಯ ಮಾದರಿಗೆ ಇತ್ತೀಚೆಗೂ ಫರ್ಮ್‌ವೇರ್ ಬಂದಿದ್ದರೆ ಆ ಸಾಲನ್ನು ಕಂಪನಿ ಕೈಬಿಟ್ಟಿಲ್ಲ ಎಂದರ್ಥ.

ಯಂತ್ರಪಾಲಕ (ಪ್ರಶ್ನೆ ಕೇಳಿದವರು)

ಎಲ್ಲರಿಗೂ ಧನ್ಯವಾದ. ನಮ್ಮಲ್ಲಿ ಹಿಂಜ್ ಮುರಿದವು ಎಲ್ಲವೂ ಮನೆಬಳಕೆಯ ಸಾಲಿನವು ಎಂಬುದನ್ನು ಈಗ ಗಮನಿಸಿದೆ. ಇನ್ನೆರಡು ಅನುಮಾನಗಳಿವೆ. ನಮ್ಮ ಹಳೆಯ ಯಂತ್ರಗಳು ವಿಂಡೋಸ್ 11ಕ್ಕೆ ಅರ್ಹವಲ್ಲ ಎಂದು ತೋರಿಸುತ್ತವೆ. ಅದಕ್ಕೆ ಕಂಪನಿಯನ್ನು ದೂರುವುದು ಸರಿಯೇ? ಮತ್ತೆ, ಸ್ವಲ್ಪ ಹೊಸದಾದ ಯಂತ್ರಗಳನ್ನು ಮುಚ್ಚಿ ಚೀಲದಲ್ಲಿಟ್ಟುಕೊಂಡು ಹೋದರೆ ತೆಗೆಯುವಾಗ ಬಿಸಿಯಾಗಿ, ಬ್ಯಾಟರಿ ಖಾಲಿಯಾಗಿರುತ್ತದೆ. ಹಳೆಯವುಗಳಲ್ಲಿ ಹೀಗೆ ಆಗುತ್ತಿರಲಿಲ್ಲ.

ಉತ್ತರ: ಮುಕ್ತದಾರಿ

ಮೊದಲನೆಯದರಲ್ಲಿ ನಿರ್ಧಾರ ಮೈಕ್ರೋಸಾಫ್ಟ್‌ನದು. 2021ರ ಅಕ್ಟೋಬರ್‌ನಲ್ಲಿ ವಿಂಡೋಸ್ 11 ಬಂದಾಗ ಟಿಪಿಎಂ 2.0 (ಗುಪ್ತ ಕೀಲಿಗಳನ್ನು ಕಾಯುವ ಭದ್ರತಾ ವ್ಯವಸ್ಥೆ) ಇರಬೇಕು, ಇಂಟೆಲ್ ಆದರೆ ಹೆಚ್ಚುಕಡಿಮೆ ಎಂಟನೆಯ ಪೀಳಿಗೆಯ ಪ್ರೊಸೆಸರ್ ಅಥವಾ ಅದಕ್ಕಿಂತ ಹೊಸದು ಇರಬೇಕು ಎಂದು ಗೆರೆ ಎಳೆದರು. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಒಂದನ್ನು ಮಾತ್ರ ಪರೀಕ್ಷಿಸಿ: ಟಿಪಿಎಂ ಇಲ್ಲ ಎಂದು ತೋರಿಸುವ ಕೆಲವು ಯಂತ್ರಗಳಲ್ಲಿ ಅದು ಇದ್ದೂ ಬಯಾಸ್‌ನಲ್ಲಿ (ವಿಂಡೋಸ್‌ಗೂ ಮೊದಲು ಓಡುವ ಫರ್ಮ್‌ವೇರಿನ ಸೆಟ್ಟಿಂಗ್‌ಗಳಲ್ಲಿ) ಆರಿಸಿಟ್ಟಿರುತ್ತದೆ. ಪ್ರೊಸೆಸರೇ ಹಳೆಯದಾದರೆ, ಚೆನ್ನಾಗಿ ಓಡುತ್ತಿರುವ ಆ ಯಂತ್ರಗಳಿಗೆ ಲಿನಕ್ಸ್ ಹಾಕಿ ಇನ್ನೂ ಕೆಲವು ವರ್ಷ ಬಳಸಬಹುದು. ಅವುಗಳನ್ನು ಎಸೆಯುವುದು ನನಗೆ ಸಹಿಸಲಾಗದ ಮಾತು.

ಎರಡನೆಯದಕ್ಕೆ ತಯಾರಕರೂ ಹೊಣೆ. ಹಳೆಯ ಯಂತ್ರಗಳು ನಿದ್ರೆಗೆ ಹೋದಾಗ ಮೆಮೊರಿಗೆ ಮಾತ್ರ ವಿದ್ಯುತ್ ಉಳಿಸಿ, ಪ್ರೊಸೆಸರ್ ಸಹಿತ ಉಳಿದದ್ದನ್ನೆಲ್ಲ ಆರಿಸುತ್ತಿದ್ದವು. ಅದಕ್ಕೆ ಎಸ್3 ಎನ್ನುತ್ತಾರೆ. ಈಗ ಅದರ ಜಾಗಕ್ಕೆ ಮಾಡರ್ನ್ ಸ್ಟ್ಯಾಂಡ್‌ಬೈ ಬಂದಿದೆ. ಇದರಲ್ಲಿ ಯಂತ್ರ ಪೂರ್ತಿ ಮಲಗುವುದಿಲ್ಲ, ಫೋನಿನಂತೆ ಅರೆನಿದ್ರೆಯಲ್ಲಿದ್ದು ಇಮೇಲ್, ಅಪ್‌ಡೇಟ್ ಇತ್ಯಾದಿಗಳಿಗೆ ಎದ್ದು ಮಲಗುತ್ತಿರುತ್ತದೆ. ಯಾವುದೋ ಒಂದು ಡ್ರೈವರ್ ಅದನ್ನು ಆಳವಾದ ನಿದ್ರೆಗೆ ಇಳಿಯಲು ಬಿಡದಿದ್ದರೆ ಗಾಳಿಯಾಡದ ಚೀಲದಲ್ಲಿ ಬಿಸಿಯೇರುತ್ತದೆ. ಎರಡೂ ಬಗೆಯ ನಿದ್ರೆಯನ್ನು ಫರ್ಮ್‌ವೇರಿನಲ್ಲಿ ಇಟ್ಟು ಆಯ್ಕೆಯನ್ನು ಬಳಸುವವರಿಗೇ ಬಿಡಲು ಅಡ್ಡಿಯಿಲ್ಲದ ಕಾಲದಲ್ಲೂ ಅನೇಕ ತಯಾರಕರು ಹೊಸ ಮಾದರಿಗಳಿಂದ ಎಸ್3ಯನ್ನು ತೆಗೆದುಹಾಕಿದರು. ಕೆಲವು ಥಿಂಕ್‌ಪ್ಯಾಡ್‌ಗಳ ಬಯಾಸ್‌ನಲ್ಲಿ ಮಾತ್ರ ಆ ಆಯ್ಕೆ ಉಳಿದಿತ್ತು. ನಿಮ್ಮ ಯಂತ್ರದಲ್ಲಿ ಏನಿದೆ ಎಂದು ತಿಳಿಯಲು ಕಮಾಂಡ್ ಪ್ರಾಂಪ್ಟ್‌ನಲ್ಲಿ ಪವರ್‌ಸಿಎಫ್‌ಜಿ ಆಜ್ಞೆಯನ್ನು ಅದರ ಎ ಆಯ್ಕೆಯೊಂದಿಗೆ (powercfg /a) ಓಡಿಸಿ. ಲಭ್ಯವಿರುವ ನಿದ್ರಾಸ್ಥಿತಿಗಳ ಪಟ್ಟಿ ಬರುತ್ತದೆ. ಎಸ್3 ಇಲ್ಲದಿದ್ದರೆ, ಮುಚ್ಚಳ ಹಾಕಿದಾಗ ನಿದ್ರೆಯ ಬದಲು ಹೈಬರ್ನೇಟ್ (ತೆರೆದದ್ದನ್ನೆಲ್ಲ ಡಿಸ್ಕಿಗೆ ಬರೆದು ಪೂರ್ತಿ ಆರುವುದು) ಆಗುವಂತೆ ಹೊಂದಿಸಿಬಿಡಿ. ಏಳಲು ಸ್ವಲ್ಪ ತಡವಾಗುತ್ತದೆ, ಬ್ಯಾಟರಿ ಉಳಿಯುತ್ತದೆ.

ಉತ್ತರ: ಬೆಸುಗೆ

ಕೊಳ್ಳುವ ಮೊದಲು ನೋಡಬೇಕಾದ ಇನ್ನೊಂದು ವಿಷಯ ಹೇಳಿ ಮುಗಿಸುತ್ತೇನೆ. ಯಂತ್ರ ಬಂದ ವಾರದಲ್ಲಿ ಬರೆದ ಹೊಗಳಿಕೆಯಿಂದ ನನಗೆ ಯಾವ ಪ್ರಯೋಜನವೂ ಕಂಡಿಲ್ಲ, ಏಕೆಂದರೆ ಕೆಡುವುದೆಲ್ಲ ಆಮೇಲೆ. ಆಪಲ್ 2015ರಲ್ಲಿ ತಂದ ತೆಳುವಾದ ಬಟರ್‌ಫ್ಲೈ ಕೀಬೋರ್ಡನ್ನು ಮೊದಲು ಮೆಚ್ಚಿದವರು ಇದ್ದರು. ಧೂಳಿನ ಕಣ ಸಿಕ್ಕಿ ಕೀಲಿ ಒತ್ತಿದರೆ ಅಕ್ಷರ ಬಾರದಿರುವುದು, ಒಂದರ ಬದಲು ಎರಡು ಬರುವುದು ಬಳಸುತ್ತಾ ಹೋದವರಿಗೆ ಗೊತ್ತಾಯಿತು. ಮ್ಯಾಕ್‌ಬುಕ್ ಪ್ರೊದಲ್ಲಿ ಕೀಬೋರ್ಡ್ ಬದಲಿಸಬೇಕೆಂದರೆ ಅದಕ್ಕೆ ಅಂಟಿಸಿದ್ದ ಬ್ಯಾಟರಿ ಸಮೇತ ಮೇಲಿನ ಇಡೀ ಭಾಗವನ್ನೇ ಬದಲಿಸಬೇಕಾಗಿತ್ತು. 2018ರಲ್ಲಿ ಆಪಲ್ ಉಚಿತ ದುರಸ್ತಿ ಘೋಷಿಸಿತು, 2019ರ ಕೊನೆಯಿಂದ ಹಳೆಯ ಬಗೆಯ ಕೀಬೋರ್ಡಿಗೆ ಮರಳಿತು. ಗ್ರಾಹಕರು ವರ್ಷಗಟ್ಟಲೆ ಪಟ್ಟುಹಿಡಿದು ಬರೆಯದೆ ಇದ್ದಿದ್ದರೆ ಅದು ಆಗುತ್ತಿತ್ತೆಂದು ನನಗನಿಸುವುದಿಲ್ಲ.

ಆದ್ದರಿಂದ ನೀವು ಕೊಳ್ಳಬೇಕೆಂದಿರುವ ಮಾದರಿಯ ಅಭಿಪ್ರಾಯ ಓದುವ ಬದಲು, ಅದೇ ಸಾಲಿನ ಮೂರು ನಾಲ್ಕು ವರ್ಷ ಹಿಂದಿನ ಮಾದರಿಯ ಬಗ್ಗೆ ಈಗ ಜನ ಏನು ಬರೆಯುತ್ತಿದ್ದಾರೆ ಎಂದು ಹುಡುಕಿ. ಆ ಮಾದರಿಯ ಬ್ಯಾಟರಿ, ಕೀಬೋರ್ಡ್, ಹಿಂಜ್ ಇವು ತಯಾರಕರ ಬಳಿಯೇ ಈಗಲೂ ಸಿಗುತ್ತವೆಯೇ ಎಂದು ವಿಚಾರಿಸಿ. ಬಿಚ್ಚಿ ಜೋಡಿಸುವ ಕೈಪಿಡಿ ಎಲ್ಲರಿಗೂ ತೆರೆದಿದೆಯೇ ನೋಡಿ. ಥಿಂಕ್‌ಪ್ಯಾಡ್‌ಗೆ ಅಂಥ ಕೈಪಿಡಿಗಳು ಬಹುಕಾಲದಿಂದ ಇವೆ, ನನ್ನಂಥವರ ಅನ್ನಕ್ಕೆ ಅವು ಆಧಾರ. 2021ರಲ್ಲಿ ಮೊದಲ ಲ್ಯಾಪ್‌ಟಾಪ್ ತಂದ ಫ್ರೇಮ್‌ವರ್ಕ್ ಕಂಪನಿ ಬಿಡಿಭಾಗಗಳನ್ನು ತಾನೇ ಮಾರುತ್ತದೆ, ಹಳೆಯ ಚೌಕಟ್ಟಿಗೇ ಹೊಸ ಮದರ್‌ಬೋರ್ಡ್ ಕೂರುವಂತೆ ಮಾಡಿದೆ. ದೊಡ್ಡ ಕಂಪನಿಗಳಿಗೆ ಇದು ಆಗದ ಕೆಲಸವೇನಲ್ಲ. ಮೆಮೊರಿಯನ್ನು ಬೋರ್ಡಿಗೇ ಬೆಸೆದಿದ್ದಾರೆಯೇ ಎಂಬುದನ್ನೂ ಮೊದಲೇ ಕೇಳಿ. ಬೆಸೆದಿದ್ದರೆ ಮುಂದೆ ಹೆಚ್ಚಿಸುವ ದಾರಿ ಇಲ್ಲ, ಕೊಳ್ಳುವಾಗಲೇ ಸಾಕಷ್ಟು ಇರುವುದನ್ನು ತೆಗೆದುಕೊಳ್ಳಬೇಕು.

ಯಂತ್ರಪಾಲಕ

ಬೆಸುಗೆಯವರು ಹೇಳಿದಂತೆ ನಮ್ಮ ಕಂಪನಿಯ ಪುಟದಲ್ಲಿ ಹುಡುಕಿ ನೋಡಿದೆ. ಕಚೇರಿ ಸಾಲಿನ ಹಳೆಯ ಮಾದರಿಗೆ ಬಿಚ್ಚುವ ಕೈಪಿಡಿ ಪೂರ್ಣವಾಗಿ ಇದೆ, ಈ ವರ್ಷದ ಫರ್ಮ್‌ವೇರ್ ಕೂಡ ಇದೆ. ನಾವು ಕೊಂಡಿದ್ದ ಮನೆಬಳಕೆಯ ಸಾಲಿಗೆ ಕೊನೆಯ ಫರ್ಮ್‌ವೇರ್ ಬಂದು ಬಹಳ ಕಾಲವಾಗಿದೆ, ಹಿಂಜ್ ಬಿಡಿಯಾಗಿ ಸಿಗುವುದಿಲ್ಲ, ಪರದೆಯ ಮುಚ್ಚಳದ ಸಮೇತವೇ ಕೊಳ್ಳಬೇಕಂತೆ. ಹೀಗಾಗಿ ಕಡಿಮೆ ಸಂಖ್ಯೆಯಲ್ಲಾದರೂ ಕಚೇರಿ ಸಾಲಿನ ಯಂತ್ರಗಳನ್ನೇ ತರಿಸಿಕೊಳ್ಳೋಣ ಎಂದು ನಮ್ಮ ಸಂಸ್ಥೆಯ ಮೇಲಧಿಕಾರಿಗಳಿಗೆ ಬರೆಯುತ್ತಿದ್ದೇನೆ. ಬ್ಯಾಟರಿ ಎಷ್ಟು ವರ್ಷ ಸಿಗುತ್ತದೆ, ನಿದ್ರಾಸ್ಥಿತಿಗಳಲ್ಲಿ ಯಾವುವು ಇವೆ ಎಂಬ ಎರಡು ಪ್ರಶ್ನೆಗಳನ್ನು ಮಾರಾಟ ವಿಭಾಗಕ್ಕೆ ಬರಹದಲ್ಲಿ ಕಳುಹಿಸಿದ್ದೇನೆ. ಉತ್ತರ ಬಂದ ಮೇಲೆ ಮಾದರಿಯ ಹೆಸರಿನೊಂದಿಗೆ ಇಲ್ಲೇ ಹಾಕುತ್ತೇನೆ.